ಪೇ ಸ್ಲಿಪ್ ಹಿಡಿದು ಹುಡುಕೋಣ: ಹೆಣ್ಣು–ಗಂಡಿನ ಸಂಬಳದ ಅಂತರ ಎಲ್ಲಿ ಹುಟ್ಟುತ್ತದೆ?

ಗಂಡಸರ ಸಂಬಳಕ್ಕೂ ಹೆಂಗಸರ ಸಂಬಳಕ್ಕೂ ಯಾಕೆ ವ್ಯತ್ಯಾಸ ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಎರಡೇ ಉತ್ತರ ಬರುತ್ತವೆ. ‘ಹೆಣ್ಣು ಅಂತ ಕಡಿಮೆ ಕೊಡ್ತಾರೆ’ ಅನ್ನುವವರು ಒಂದು ಕಡೆ. ‘ಅವರು ಸಲೀಸಾದ ಕೆಲಸ ಆರಿಸ್ಕೊಳ್ತಾರೆ, ಬೇಗ ಮನೆಗೆ ಹೋಗ್ತಾರೆ, ಅಷ್ಟೇ’ ಅನ್ನುವವರು ಇನ್ನೊಂದು ಕಡೆ. ಇಬ್ಬರ ದನಿಯೂ ಜೋರು. ಪೇ ಸ್ಲಿಪ್ ತೆಗೆದು ನೋಡುವವರು ಮಾತ್ರ ಕಡಿಮೆ.

ತೆಗೆದು ನೋಡಿದರೆ ಕಾಣುವುದೇ ಬೇರೆ. ಅಂತರ ಒಂದೇ ಜಾಗದಲ್ಲಿ ಹುಟ್ಟುವುದಿಲ್ಲ. ಕೆಲಸಕ್ಕೆ ಸೇರುವ ದಿನ ಸ್ವಲ್ಪ, ಗ್ರೇಡ್ ಹಾಕುವಾಗ ಸ್ವಲ್ಪ, ಮಗು ಹುಟ್ಟಿದ ಮೇಲೆ ಜಾಸ್ತಿ, ಬಡ್ತಿಯ ಹೊತ್ತಿಗೆ ಇನ್ನಷ್ಟು. ಎಲ್ಲಿ ಹುಟ್ಟಿತು ಅಂತ ಗೊತ್ತಾಗದೆ ಪರಿಹಾರ ಕೇಳಲು ಆಗುವುದಿಲ್ಲ. ಸೇರುವ ದಿನದ ಅಂತರಕ್ಕೆ ಹೆರಿಗೆ ರಜೆ ಜಾಸ್ತಿ ಮಾಡಿ ಏನು ಪ್ರಯೋಜನ, ಅಲ್ವಾ? ಜಗತ್ತಿನ ಒಟ್ಟಾರೆ ಲೆಕ್ಕದಲ್ಲಿ ಹೆಂಗಸರ ಸಂಬಳ ಗಂಡಸರಿಗಿಂತ ಸುಮಾರು ಶೇ 20ರಷ್ಟು ಕಡಿಮೆ ಎನ್ನುತ್ತದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ. ಆ ಅಂಕಿ ತಪ್ಪಲ್ಲ. ಆದರೆ ನಿಮ್ಮ ಆಫೀಸಿನಲ್ಲಿ ಏನು ಮಾಡಬೇಕು ಅನ್ನುವುದನ್ನು ಅದು ಹೇಳುವುದಿಲ್ಲ.

ಈ ಬರಹ ಕೆಲಸಕ್ಕೆ ಹೋಗುವ ಯಾರಿಗಾದರೂ ಆಗುತ್ತದೆ, ಎಚ್‌ಆರ್‌ನಲ್ಲಿ ಕೂತವರಿಗೂ ಆಗುತ್ತದೆ. ಒಂದು ಎಕ್ಸೆಲ್ ಶೀಟು, ಇಲ್ಲವೇ ಗೆರೆ ಹಾಕಿದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಹೆಜ್ಜೆ 1: ಮುಂದಿರುವ ಅಂಕಿ ಎಂಥದು ನೋಡಿ

ಜಗಳ ಶುರುವಾಗುವುದೇ ಇಲ್ಲಿಂದ. ಅಮೆರಿಕದಲ್ಲಿ 2023ರಲ್ಲಿ ವರ್ಷಪೂರ್ತಿ ಫುಲ್ ಟೈಮ್ ದುಡಿದ ಗಂಡಸರು 100 ಡಾಲರ್ ಗಳಿಸಿದರೆ ಹೆಂಗಸರು ಗಳಿಸಿದ್ದು ಸುಮಾರು 83. ಅದೇ ಹೊತ್ತಿನ ಯುರೋಪಿಯನ್ ಒಕ್ಕೂಟದ ಲೆಕ್ಕ ನೋಡಿದರೆ ಅಂತರ ಶೇ 12–13ರ ಆಸುಪಾಸು. ಹಾಗಾದರೆ ಯುರೋಪೇ ವಾಸಿ ಅಂದುಕೊಳ್ಳಬೇಡಿ. ಅಮೆರಿಕದ್ದು ವರ್ಷದ ಗಳಿಕೆ, ಅದೂ ಮೀಡಿಯನ್. ಅಂದರೆ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ನಿಂತವರ ಸಂಬಳ. ಯುರೋಪಿನದು ಗಂಟೆಗೆ ಇಷ್ಟು ಅನ್ನುವ ಸರಾಸರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸುಮ್ನೆ ತಲೆ ಕೆಡುತ್ತದೆ.

ಆಫೀಸಿನೊಳಗೂ ಇದೇ ಕತೆ. ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಕಂಪನಿಯಲ್ಲಿ 10 ಗಂಡಸರು, 10 ಹೆಂಗಸರು. ಮೇಲಿನ ಗ್ರೇಡಿನ ಸಂಬಳ 100, ಕೆಳಗಿನದು 50. ಮೇಲಿನ ಗ್ರೇಡಿನಲ್ಲಿ 8 ಗಂಡಸರು, 2 ಹೆಂಗಸರು. ಕೆಳಗೆ 2 ಗಂಡಸರು, 8 ಹೆಂಗಸರು. ಒಂದು ಗ್ರೇಡಿನೊಳಗೆ ಎಲ್ಲರಿಗೂ ಒಂದೇ ಸಂಬಳ. ಈಗ ಗಂಡಸರ ಸರಾಸರಿ 90, ಹೆಂಗಸರದು 60. ಮೂರರಲ್ಲಿ ಒಂದು ಭಾಗ ಕಮ್ಮಿ. ಮೀಡಿಯನ್ ತೆಗೆದರೆ 100ಕ್ಕೆ 50, ನೇರ ಅರ್ಧ. ಆದರೂ ಮ್ಯಾನೇಜರು ಎದೆ ತಟ್ಟಿಕೊಂಡು ಹೇಳಬಹುದು: ‘ನಮ್ಮಲ್ಲಿ ಒಂದೇ ಕೆಲಸಕ್ಕೆ ಒಂದೇ ಸಂಬಳ.’ ಅವರು ಸುಳ್ಳು ಹೇಳುತ್ತಿಲ್ಲ. ಮೇಲಿನ ಗ್ರೇಡಿಗೆ ಹೆಂಗಸರು ಯಾಕೆ ಹೋಗಲಿಲ್ಲ ಅನ್ನುವ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಓದು, ಅನುಭವ, ಹುದ್ದೆ, ಉದ್ಯಮ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಉಳಿಯುವ ಅಂತರವನ್ನು ‘ಹೊಂದಿಸಿದ ಅಂತರ’ ಎನ್ನುತ್ತಾರೆ. ಫ್ರಾನ್ಸಿನ್ ಬ್ಲೌ ಮತ್ತು ಲಾರೆನ್ಸ್ ಕಾನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ 2010ರ ಮಾಹಿತಿಯ ಮೇಲೆ ಈ ಕೆಲಸ ಮಾಡಿ 2017ರಲ್ಲಿ ಪ್ರಕಟಿಸಿದರು. ಓದಿನ ಲೆಕ್ಕದಲ್ಲಿ ಹೆಂಗಸರೇ ಮುಂದಿದ್ದರು. ಅನುಭವದ ವ್ಯತ್ಯಾಸ ತುಂಬಾ ಕುಗ್ಗಿತ್ತು. ಯಾವ ಉದ್ಯೋಗ, ಯಾವ ಉದ್ಯಮ ಅನ್ನುವುದೇ ಅಂತರದ ಸುಮಾರು ಅರ್ಧ ಭಾಗ. ಎಲ್ಲ ಕಳೆದ ಮೇಲೂ ಶೇ 8ರಷ್ಟು ಅಂತರ ಕಾರಣ ಸಿಗದೆ ಉಳಿಯಿತು.

ಆ ಶೇ 8 ಮಾತ್ರ ‘ನಿಜವಾದ’ ತಾರತಮ್ಯ, ಉಳಿದದ್ದೆಲ್ಲ ಅವರವರ ಆಯ್ಕೆ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೆಂಗಸರಿಗೆ ಬಡ್ತಿಯನ್ನೇ ಕೊಡದ ಕಂಪನಿಯಲ್ಲಿ ಗ್ರೇಡನ್ನು ಲೆಕ್ಕದಿಂದ ಕಳೆದುಬಿಟ್ಟರೆ, ಅನ್ಯಾಯ ನಡೆದ ಜಾಗವನ್ನೇ ಕಳೆದ ಹಾಗಾಯಿತು. ಹಾಗಂತ ಆ ಶೇ 8 ಪೂರ್ತಿ ತಾರತಮ್ಯ ಅಂತ ಹೇಳಲೂ ಆಗದು. ಅಳೆಯಲು ಸಿಗದ ಬೇರೆ ಕಾರಣಗಳೂ ಅದರಲ್ಲಿ ಸೇರಿರಬಹುದು. ಎರಡೂ ಅಂಕಿ ಇಟ್ಟುಕೊಳ್ಳಿ. ಒಟ್ಟು ಅಂತರ ಎಷ್ಟು ದುಡ್ಡು ಹೋಗುತ್ತಿದೆ ಅಂತ ಹೇಳುತ್ತದೆ, ಹೊಂದಿಸಿದ ಅಂತರ ಎಲ್ಲಿಂದ ಹುಡುಕಲು ಶುರು ಮಾಡಬೇಕು ಅಂತ ಹೇಳುತ್ತದೆ.

ಹೆಜ್ಜೆ 2: ಪೇ ಸ್ಲಿಪ್ಪನ್ನು ಸಾಲು ಸಾಲಾಗಿ ಬಿಡಿಸಿ

ನಿಮ್ಮದೇ ಕೆಲಸ ಮಾಡುವ ಒಬ್ಬ ಗಂಡಸು ಸಹೋದ್ಯೋಗಿ ಸಂಬಳ ಹೇಳಲು ಒಪ್ಪಿದರೆ ಅರ್ಧ ಕೆಲಸ ಮುಗಿದಂತೆ. ಒಟ್ಟು ಮೊತ್ತ ಕೇಳಿ ಸುಮ್ಮನಾಗಬೇಡಿ. ಮೂಲ ವೇತನ, ಭತ್ಯೆ, ಓವರ್‌ಟೈಮ್, ಶಿಫ್ಟ್ ಭತ್ಯೆ, ಬೋನಸ್, ಇನ್ಸೆಂಟಿವ್, ಷೇರು ಇದ್ದರೆ ಅದು. ಒಂದೊಂದಕ್ಕೂ ಒಂದು ಸಾಲು ಹಾಕಿ. ಪಕ್ಕದಲ್ಲಿ ವಾರಕ್ಕೆ ಎಷ್ಟು ಗಂಟೆ ಕೆಲಸ ಅನ್ನುವುದನ್ನೂ ಬರೆದು ಗಂಟೆಯ ದರ ತೆಗೆಯಿರಿ.

ಮೂಲ ವೇತನ ಒಂದೇ ಇದ್ದು ಬೋನಸ್ ಸಾಲಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ, ಬೋನಸ್ ಯಾರು, ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ ಅಂತ ಕೇಳಬೇಕು. ಇದಕ್ಕೆ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರಾಡಳಿತದ ಪ್ರಕರಣ ಒಳ್ಳೆಯ ಉದಾಹರಣೆ. ಅಲ್ಲಿ ಕಸ ಸಾಗಿಸುವ, ಬೀದಿ ಗುಡಿಸುವ ಕೆಲಸಗಳಿಗೆ ಬೋನಸ್ ಇತ್ತು. ಅಡುಗೆ ಮಾಡುವ, ಕಟ್ಟಡ ಸ್ವಚ್ಛ ಮಾಡುವ, ಆರೈಕೆ ನೋಡಿಕೊಳ್ಳುವ ಕೆಲಸಗಳಿಗೆ ಇರಲಿಲ್ಲ. ಮೊದಲನೆಯವರಲ್ಲಿ ಹೆಚ್ಚಿನವರು ಗಂಡಸರು, ಎರಡನೆಯವರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ಬಿಟ್ಟು ಹೋಗಿದ್ದ 170ಕ್ಕೂ ಹೆಚ್ಚು ಜನ ಕೇಸು ಹಾಕಿದರು. 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಕೇಸು ಮುಂದುವರಿಯಲಿ ಎಂದಿತು. ಮೂಲ ವೇತನ ಮಾತ್ರ ನೋಡಿದ್ದರೆ ಈ ಅಂತರ ಕಣ್ಣಿಗೇ ಬೀಳುತ್ತಿರಲಿಲ್ಲ.

‘ಸಂಬಳ ಯಾರಿಗೂ ಹೇಳಬಾರದು’ ಅಂತ ಆಫರ್ ಲೆಟರ್‌ನಲ್ಲಿ ಬರೆದಿದ್ದರೆ? ಅದು ಎಲ್ಲ ಕಡೆ ನಡೆಯುವುದಿಲ್ಲ. ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯ ಪ್ರಕಾರ, ಸಂಬಳದಲ್ಲಿ ತಾರತಮ್ಯ ಇದೆಯಾ ಅಂತ ತಿಳಿಯಲು ಮಾತಾಡಿಕೊಂಡರೆ ಅಂಥ ಷರತ್ತು ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ಹೆಚ್ಚಿನ ಖಾಸಗಿ ನೌಕರರು ತಮ್ಮೊಳಗೆ ಸಂಬಳದ ಬಗ್ಗೆ ಮಾತಾಡುವುದಕ್ಕೆ 1935ರ ಕಾರ್ಮಿಕ ಕಾನೂನಿನ ರಕ್ಷಣೆ ಇದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಮಾನ ಕೆಲಸ ಮಾಡುವ ಗಂಡಸರ, ಹೆಂಗಸರ ಸರಾಸರಿ ಸಂಬಳವನ್ನು ನೌಕರರು ಕೇಳಿ ಪಡೆಯುವ ಹಕ್ಕು ಅದರ ನಿರ್ದೇಶನದಲ್ಲಿದೆ. ನಿಮ್ಮ ದೇಶದ ನಿಯಮ ಏನು ಅಂತ ಮೊದಲು ನೋಡಿಕೊಂಡು ಬಾಯಿ ಬಿಡಿ.

ಗಂಡಸರಿಗೆ ಒಂದು ಮಾತು. ಈ ಹುಡುಕಾಟದಲ್ಲಿ ನೀವು ಮಾಡಬಹುದಾದ ದೊಡ್ಡ ಉಪಕಾರ, ನಿಮ್ಮ ಸಂಬಳ ಎಷ್ಟು ಅಂತ ಸಹೋದ್ಯೋಗಿಗೆ ಹೇಳುವುದು. ಮಹಿಳಾ ದಿನದ ಹೂಗುಚ್ಛ ಆಮೇಲೆ ಕೊಟ್ಟರಾಯಿತು.

ಹೆಜ್ಜೆ 3: ಸೇರಿದ ದಿನದ ಸಂಬಳಕ್ಕೆ ವಾಪಸ್ ಹೋಗಿ

ಹಳೇ ಆಫರ್ ಲೆಟರ್ ಹುಡುಕಿ ತೆಗೆಯಿರಿ. ಇಬ್ಬರು ಒಂದೇ ದಿನ ಸೇರಿದರು ಅಂದುಕೊಳ್ಳಿ, ಒಬ್ಬರಿಗೆ 100, ಇನ್ನೊಬ್ಬರಿಗೆ 90. ಆಮೇಲೆ ಇಬ್ಬರಿಗೂ ಪ್ರತಿ ವರ್ಷ ಶೇ 8ರ ಇನ್‌ಕ್ರಿಮೆಂಟು. ಯಾರಿಗೂ ಮೋಸ ಇಲ್ಲ. 10 ವರ್ಷ ಕಳೆದಾಗ ಒಬ್ಬರದು ಸುಮಾರು 216, ಇನ್ನೊಬ್ಬರದು 194. ತಿಂಗಳಿಗೆ 10 ಇದ್ದ ಅಂತರ 21 ದಾಟಿತು. ಕೆಲಸ ಬದಲಿಸಿದರೆ ಹೊಸ ಕಂಪನಿ ‘ಈಗ ಎಷ್ಟು ಬರ್ತಿದೆ’ ಅಂತ ಕೇಳುತ್ತದೆ. ಅದರ ಮೇಲೆ ಇಷ್ಟು ಪರ್ಸೆಂಟ್ ಅಂತ ಕೊಡುತ್ತದೆ. ಮೊದಲ ಕಂಪನಿಯ ಅಂತರ ಎರಡನೆಯದಕ್ಕೂ ಬೆನ್ನು ಹತ್ತುತ್ತದೆ. ಹಳೇ ಸಂಬಳ ಕೇಳುವಂತಿಲ್ಲ ಅಂತ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2018ರಿಂದ ನಿಯಮ ತಂದದ್ದು ಇದೇ ಕಾರಣಕ್ಕೆ.

ಸರಿ, ಆ ಮೊದಲ 10 ಎಲ್ಲಿಂದ ಬಂತು? ‘ಹೆಂಗಸರು ಚೌಕಾಸಿ ಮಾಡಲ್ಲ’ ಅನ್ನುವುದು ಎಲ್ಲರ ಬಾಯಲ್ಲಿರುವ ಉತ್ತರ. ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತು. ಆಂಡ್ರಿಯಾಸ್ ಲೈಬ್ರಾಂಟ್ ಮತ್ತು ಜಾನ್ ಲಿಸ್ಟ್ ನಿಜವಾದ ಕೆಲಸದ ಜಾಹೀರಾತು ಕೊಟ್ಟು ಒಂದು ಪ್ರಯೋಗ ಮಾಡಿದರು. ಸಂಬಳದ ಬಗ್ಗೆ ಮಾತಾಡಬಹುದು ಅಂತ ಜಾಹೀರಾತಿನಲ್ಲಿ ಬರೆಯದೆ ಇದ್ದಾಗ ಹೆಚ್ಚು ಕೇಳಿದವರು ಗಂಡಸರು. ‘ಮಾತಾಡಬಹುದು’ ಅಂತ ಸ್ಪಷ್ಟವಾಗಿ ಬರೆದಾಗ ಆ ವ್ಯತ್ಯಾಸ ಮಾಯವಾಯಿತು. ಅಂದರೆ ಇಲ್ಲಿ ನಿಯಮ ಬಾಯಿಬಿಟ್ಟು ಹೇಳಿದ್ದಾರಾ ಇಲ್ಲವಾ ಅನ್ನುವುದೂ ಕೆಲಸ ಮಾಡುತ್ತದೆ, ಬರೀ ಧೈರ್ಯ ಅಲ್ಲ. ಇನ್ನು ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ಹೆಂಗಸರೂ ಗಂಡಸರಷ್ಟೇ ಸಲ ಸಂಬಳ ಏರಿಸಿ ಅಂತ ಕೇಳಿದ್ದರು. ಸಿಕ್ಕಿದ್ದು ಮಾತ್ರ ಗಂಡಸರಿಗೇ ಹೆಚ್ಚು.

ಕೇಳುವ ಮೊದಲೇ ಬೆಲೆ ಕಟ್ಟುವುದೂ ಉಂಟು. 2012ರಲ್ಲಿ ಅಮೆರಿಕದ ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಹುದ್ದೆಗೆ ಅಂತ ಒಂದು ಅರ್ಜಿ ಕಳಿಸಿದರು. ಅರ್ಜಿ ಎಲ್ಲರಿಗೂ ಅದೇ. ಕೆಲವರಿಗೆ ಹೋದದ್ದರ ಮೇಲೆ ಜಾನ್ ಎಂಬ ಹೆಸರು, ಉಳಿದವರಿಗೆ ಹೋದದ್ದರ ಮೇಲೆ ಜೆನಿಫರ್. ಜಾನ್‌ಗೆ ಅವರು ಸೂಚಿಸಿದ ವರ್ಷದ ಸಂಬಳ ಸರಾಸರಿ 30,238 ಡಾಲರ್. ಜೆನಿಫರ್‌ಗೆ 26,508. ಹೀಗೆ ಮಾಡಿದವರಲ್ಲಿ ಮಹಿಳಾ ಪ್ರಾಧ್ಯಾಪಕರೂ ಇದ್ದರು, ಗಂಡಸರಿಗಿಂತ ಅವರೇನೂ ಬೇರೆಯಾಗಿ ನಡೆದುಕೊಳ್ಳಲಿಲ್ಲ. ‘ನಮ್ಮ ಎಚ್‌ಆರ್ ಹೆಂಗಸರೇ, ಅವರು ಹಾಗೆ ಮಾಡಲ್ಲ’ ಅನ್ನುವ ಮಾತು ನನಗೆ ಗಟ್ಟಿ ಅನ್ನಿಸುವುದಿಲ್ಲ.

ಇಲ್ಲಿ ಮಾಡಬೇಕಾದದ್ದು: ಆಫರ್ ಬರುವ ಮೊದಲೇ ‘ಈ ಹುದ್ದೆಯ ಸಂಬಳ ಎಲ್ಲಿಂದ ಎಲ್ಲಿವರೆಗೆ ಇದೆ’ ಅಂತ ಕೇಳಿ. ‘ನಿಮ್ಮ ನಿರೀಕ್ಷೆ ಎಷ್ಟು’ ಅಂತ ತಿರುಗಿ ಕೇಳಿದರೆ ಹಳೇ ಸಂಬಳದ ಮೇಲೆ ಲೆಕ್ಕ ಹಾಕಬೇಡಿ. ಮಾರುಕಟ್ಟೆಯಲ್ಲಿ ಆ ಹುದ್ದೆಗೆ ಏನು ಕೊಡುತ್ತಿದ್ದಾರೆ ಅನ್ನುವುದರ ಮೇಲೆ ಹೇಳಿ. ನೀವು ಕೆಲಸ ಕೊಡುವ ಕಡೆಯವರಾದರೆ ದಾರಿ ಇನ್ನೂ ಸುಲಭ. ಎಲ್ಲಿಂದ ಎಲ್ಲಿವರೆಗೆ ಅಂತ ಜಾಹೀರಾತಿನಲ್ಲೇ ಹಾಕಿಬಿಡಿ.

ಹೆಜ್ಜೆ 4: ಕೆಲಸಕ್ಕೆ ಬೆಲೆ ಕಟ್ಟಿದವರು ಯಾರು, ಹೇಗೆ ಅಂತ ಕೇಳಿ

ಇದು ಜನ ಹೆಚ್ಚು ಯೋಚಿಸದ ಜಾಗ. ನನ್ನ ಪ್ರಕಾರ ಅತಿ ಹೆಚ್ಚು ದುಡ್ಡು ಸೋರುವ ಜಾಗಗಳಲ್ಲಿ ಇದೂ ಒಂದು.

1968ರಲ್ಲಿ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುವ ಹೆಂಗಸರಿದ್ದರು. ಕಂಪನಿ ಕೆಲಸಗಳಿಗೆಲ್ಲ ಹೊಸದಾಗಿ ಗ್ರೇಡ್ ಹಾಕಿದಾಗ ಇವರ ಕೆಲಸವನ್ನು ಕಡಿಮೆ ಕೌಶಲದ ಗ್ರೇಡಿಗೆ ಸೇರಿಸಿತು. ಸಾಲದ್ದಕ್ಕೆ, ಆ ಗ್ರೇಡಿನ ಗಂಡಸರಿಗೆ ಸಿಗುವ ದರದಲ್ಲಿ ಹೆಂಗಸರಿಗೆ ಶೇ 85 ಮಾತ್ರ. ಯಂತ್ರದ ಮುಂದೆ ಕೂತು ದಪ್ಪ ಬಟ್ಟೆಯ ತುಂಡುಗಳನ್ನು ಅಳತೆ ತಪ್ಪದಂತೆ ಜೋಡಿಸಿ ಹೊಲಿಯುವುದು ಕೌಶಲ ಅಲ್ಲ ಅಂತಾದರೆ ಇನ್ಯಾವುದು ಕೌಶಲ? ಅವರು ಮುಷ್ಕರ ಹೂಡಿದರು. ಸೀಟಿಲ್ಲದೆ ಕಾರು ಹೊರಗೆ ಹೋಗುವ ಹಾಗಿಲ್ಲ, ಕಾರ್ಖಾನೆಯೇ ನಿಂತಿತು. ಕೊನೆಗೆ ದರ ಶೇ 92ಕ್ಕೆ ಏರಿತು. ಮುಂದೆ 1970ರಲ್ಲಿ ಬ್ರಿಟನ್ ಸಮಾನ ವೇತನ ಕಾಯ್ದೆ ತಂದಿತು. ಆದರೆ ಅವರು ಕೇಳಿದ ಮೊದಲ ಬೇಡಿಕೆ ಇದಲ್ಲ, ತಮ್ಮ ಕೆಲಸವನ್ನು ಕುಶಲ ಕೆಲಸ ಅಂತ ಒಪ್ಪಿಕೊಳ್ಳಬೇಕು ಅನ್ನುವುದು. ಆ ಗ್ರೇಡು ಸಿಕ್ಕಿದ್ದು 1984ರಲ್ಲಿ, ಇನ್ನೊಂದು ಮುಷ್ಕರದ ಮೇಲೆ.

ಇದರಲ್ಲಿ ಎರಡು ಬೇರೆ ಬೇರೆ ಅಂತರಗಳಿವೆ ನೋಡಿ. ಗ್ರೇಡಿನೊಳಗಿನ ಶೇ 15 ಕಾಣುವ ಅಂತರ. ಗ್ರೇಡನ್ನೇ ಕೆಳಗೆ ಇಟ್ಟದ್ದು ಕಾಣದ ಅಂತರ. ಮೊದಲನೆಯದು ಕೆಲವೇ ವಾರಗಳಲ್ಲಿ ಕರಗಲು ಶುರುವಾಯಿತು. ಎರಡನೆಯದಕ್ಕೆ 16 ವರ್ಷ ಬೇಕಾಯಿತು.

ಹೆಂಗಸರು ಹೆಚ್ಚು ಇರುವ ಕೆಲಸಕ್ಕೆ ಬೆಲೆ ಕಡಿಮೆ ಅನ್ನುವುದು ಒಂದು ಕಾರ್ಖಾನೆಯ ಕತೆಯೂ ಅಲ್ಲ. ಅಮೆರಿಕದ 1950ರಿಂದ 2000ದವರೆಗಿನ ಜನಗಣತಿ ಮಾಹಿತಿ ನೋಡಿದ ಅಸಾಫ್ ಲೆವನಾನ್, ಪೌಲಾ ಇಂಗ್ಲೆಂಡ್, ಪಾಲ್ ಆಲಿಸನ್ ಅವರಿಗೆ ಕಂಡದ್ದು ಇದು: ಒಂದು ಉದ್ಯೋಗಕ್ಕೆ ಹೆಂಗಸರು ಹೆಚ್ಚು ಬಂದ ಮೇಲೆ ಆ ಉದ್ಯೋಗದ ಸಂಬಳ ಉಳಿದವಕ್ಕೆ ಹೋಲಿಸಿದರೆ ಇಳಿಯುತ್ತದೆ. ಓದು, ಕೌಶಲ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ‘ಹೆಂಗಸರು ಕಡಿಮೆ ಸಂಬಳದ ಕೆಲಸ ಆರಿಸ್ಕೊಳ್ತಾರೆ’ ಅನ್ನುವವರು ಇದನ್ನೊಮ್ಮೆ ನೋಡಬೇಕು. ಆರಿಸಿಕೊಂಡಾಗ ಕಡಿಮೆ ಇತ್ತೋ, ಆರಿಸಿಕೊಂಡದ್ದರಿಂದ ಕಡಿಮೆ ಆಯಿತೋ?

ಅದಕ್ಕೇ ‘ಸಮಾನ ಕೆಲಸ’ ಅನ್ನುವ ಅಳತೆ ಸಾಲದು, ‘ಸಮಾನ ಮೌಲ್ಯದ ಕೆಲಸ’ ಅನ್ನುವ ಅಳತೆ ಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 100ನೇ ಒಡಂಬಡಿಕೆ 1951ರಲ್ಲೇ ಹೀಗೆ ಹೇಳಿದೆ. ಇದನ್ನು ನೀವೇ ಮಾಡಿ ನೋಡಬಹುದು. ಬೇರೆ ಬೇರೆ ಹೆಸರಿನ, ಆದರೆ ಒಂದೇ ತೂಕದ್ದು ಅನ್ನಿಸುವ ಎರಡು ಹುದ್ದೆ ತೆಗೆದುಕೊಳ್ಳಿ. ಒಂದರಲ್ಲಿ ಹೆಚ್ಚು ಗಂಡಸರಿರಲಿ, ಇನ್ನೊಂದರಲ್ಲಿ ಹೆಚ್ಚು ಹೆಂಗಸರಿರಲಿ. ಉದಾಹರಣೆಗೆ ಗೋದಾಮಿನ ಮೇಲ್ವಿಚಾರಕ ಮತ್ತು ಗ್ರಾಹಕ ಸೇವೆಯ ಮೇಲ್ವಿಚಾರಕಿ. ನಾಲ್ಕು ಅಂಕಣ ಹಾಕಿ: ಕೌಶಲ, ಶ್ರಮ, ಹೊಣೆ, ಕೆಲಸದ ವಾತಾವರಣ. ಶ್ರಮ ಅಂದ ತಕ್ಷಣ ಭಾರ ಎತ್ತುವುದು ಮಾತ್ರ ನೆನಪಾಗುತ್ತದೆ. ದಿನವಿಡೀ ಸಿಟ್ಟಾದವರ ಬೈಗುಳ ಕೇಳಿ ಸಮಾಧಾನ ಹೇಳುವುದನ್ನೂ ಬರೆಯಿರಿ. ಹೊಣೆ ಅಂದರೆ ಯಂತ್ರದ ಬೆಲೆ ಮಾತ್ರ ಅಲ್ಲ, ಕೈಕೆಳಗೆ ಎಷ್ಟು ಜನ, ತಪ್ಪಾದರೆ ನಷ್ಟ ಎಷ್ಟು, ಅದೂ ಬರಬೇಕು. ಬರೆದು ಮುಗಿದ ಮೇಲೆ ಎರಡೂ ಹುದ್ದೆಯ ಸಂಬಳ ಪಕ್ಕದಲ್ಲಿ ಹಾಕಿ.

ಹುದ್ದೆಯ ಹೆಸರೇ ಬೇರೆ ಇಟ್ಟು ಜಾರಿಕೊಳ್ಳುವುದು ಹಳೇ ಆಟ. ಭಾರತದ ಸುಪ್ರೀಂ ಕೋರ್ಟಿಗೆ 1987ರಲ್ಲಿ ಬಂದ ಮೆಕಿನನ್ ಮೆಕೆಂಜಿ ಕಂಪನಿಯ ಪ್ರಕರಣದಲ್ಲಿ ಮಹಿಳಾ ಸ್ಟೆನೋಗ್ರಾಫರುಗಳಿಗೆ ಗಂಡಸು ಸ್ಟೆನೋಗ್ರಾಫರುಗಳಿಗಿಂತ ಕಡಿಮೆ ಸಂಬಳ ಇತ್ತು. ಅವರದ್ದು ಬೇರೆ ಬಗೆಯ ಹುದ್ದೆ ಅನ್ನುವುದು ಕಂಪನಿಯ ವಾದ. ಯೂನಿಯನ್ ಜೊತೆ ಒಪ್ಪಂದವೇ ಆಗಿದೆ ಅನ್ನುವುದು ಇನ್ನೊಂದು. ಹಣಕಾಸಿನ ಕಷ್ಟ ಇದೆ ಅನ್ನುವುದು ಮತ್ತೊಂದು. ಕೋರ್ಟು ಯಾವುದನ್ನೂ ಒಪ್ಪಲಿಲ್ಲ. ಕೊಡುವ ಶಕ್ತಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಸಮಾನ ವೇತನದ ಕಾನೂನು ನಿಂತಿಲ್ಲ ಎಂದಿತು.

ಹೆಜ್ಜೆ 5: ಗಂಟೆಗಳನ್ನೂ ಮಗು ಹುಟ್ಟಿದ ವರ್ಷವನ್ನೂ ನೋಡಿ

ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅದನ್ನು ಯಾರ ಜೊತೆಗೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಅವರು. ಇನ್ನೂರು ವರ್ಷಗಳ ದಾಖಲೆ ಕೆದಕಿ ಅವರು ತೋರಿಸಿದ್ದರಲ್ಲಿ ಮುಖ್ಯವಾದದ್ದು ಇದು: ಮುಂದುವರಿದ ದೇಶಗಳಲ್ಲಿ ಈಗಿನ ಅಂತರದ ದೊಡ್ಡ ಭಾಗ ಒಂದೇ ಉದ್ಯೋಗದೊಳಗೆ ಇದೆ, ಮತ್ತು ಅದು ಹೆಚ್ಚಾಗಿ ಮೊದಲ ಮಗುವಿನ ಜೊತೆ ಹುಟ್ಟುತ್ತದೆ.

ಕೆಲವು ಕೆಲಸಗಳು ಹೊಟ್ಟೆಬಾಕ ಕೆಲಸಗಳು. ಎಷ್ಟು ಹೊತ್ತು ಕೊಟ್ಟರೂ ಸಾಲದು. ಮತ್ತೆ, ಅವು ಗಂಟೆಗೆ ತಕ್ಕಂತೆ ನೇರವಾಗಿ ಸಂಬಳ ಕೊಡುವುದಿಲ್ಲ. ವಾರಕ್ಕೆ 60 ಗಂಟೆ ದುಡಿಯುವವರಿಗೆ 30 ಗಂಟೆಯವರ ಎರಡರಷ್ಟಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ರಾತ್ರಿ ಹತ್ತಕ್ಕೆ ಫೋನು ಎತ್ತುವವರಿಗೆ, ನಾಳೆ ಬೆಳಗ್ಗೆ ವಿಮಾನ ಹತ್ತು ಅಂದರೆ ಹತ್ತುವವರಿಗೆ ಬೋನಸ್ಸು, ಬಡ್ತಿ. ಒಂದು ಮನೆಯಲ್ಲಿ ಇಬ್ಬರೂ ಹಾಗೆ ಇರಲು ಆಗುವುದಿಲ್ಲ. ಮಗುವಿಗೆ ಜ್ವರ ಬಂದರೆ ಯಾರಾದರೂ ಒಬ್ಬರು ಎದ್ದು ಮನೆಗೆ ಹೊರಡಬೇಕು. ಹೊರಡುವವರು ಸಾಮಾನ್ಯವಾಗಿ ಯಾರು ಅಂತ ಹೇಳಬೇಕಾಗಿಲ್ಲ. ಗೋಲ್ಡಿನ್ ಇಬ್ಬರು ಸಹ ಸಂಶೋಧಕರ ಜೊತೆ ಶಿಕಾಗೊದ ಎಂಬಿಎ ಪದವೀಧರರನ್ನು ನೋಡಿದಾಗ, ಶುರುವಿನಲ್ಲಿ ಇಬ್ಬರ ಸಂಬಳವೂ ಹತ್ತಿರ ಹತ್ತಿರವೇ ಇತ್ತು. ವರ್ಷಗಳು ಕಳೆದ ಹಾಗೆ ದೊಡ್ಡ ಅಂತರ ಬಿತ್ತು. ಕೆಲಸದ ನಡುವಿನ ಬಿಡುವು, ವಾರದ ಗಂಟೆ, ಓದಿದ ವಿಷಯ ಮತ್ತು ಅಂಕ, ಇವು ಅದರ ಹೆಚ್ಚಿನ ಭಾಗವನ್ನು ವಿವರಿಸಿದವು.

ಡೆನ್ಮಾರ್ಕ್‌ನಂಥ ದೇಶದಲ್ಲೂ, ಅಷ್ಟು ಒಳ್ಳೆಯ ಶಿಶುಪಾಲನೆ ವ್ಯವಸ್ಥೆ ಇದ್ದೂ, ಮೊದಲ ಮಗುವಿನ ನಂತರ ಹೆಂಗಸರ ಗಳಿಕೆ ಗಂಡಸರಿಗೆ ಹೋಲಿಸಿದರೆ ದೀರ್ಘಕಾಲಕ್ಕೆ ಸುಮಾರು ಶೇ 20ರಷ್ಟು ಕೆಳಗೆ ಉಳಿಯಿತು. ಹೆನ್ರಿಕ್ ಕ್ಲೆವೆನ್ ಮತ್ತು ಜೊತೆಗಾರರ ಲೆಕ್ಕ ಇದು. ಅಪ್ಪಂದಿರ ಗಳಿಕೆಯ ಗೆರೆ ಅಲುಗಾಡಲೇ ಇಲ್ಲ. ‘ಹೆರುವುದು ಹೆಣ್ಣು, ಪ್ರಕೃತಿ ಹಾಗಿದೆ’ ಅನ್ನುವವರಿಗೆ ಅದೇ ಸಂಶೋಧಕರ ಇನ್ನೊಂದು ಕೆಲಸ ಉತ್ತರ ಕೊಡುತ್ತದೆ. ಮಗುವನ್ನು ದತ್ತು ತೆಗೆದುಕೊಂಡ ಮನೆಗಳಲ್ಲೂ ಅಮ್ಮನ ಗಳಿಕೆ ಹೆಚ್ಚುಕಡಿಮೆ ಹೀಗೇ ಕುಸಿಯಿತು. ಅಲ್ಲಿ ಹೆರಿಗೆ ಎಲ್ಲಿಂದ ಬಂತು?

ಗಂಟೆ ಕಡಿಮೆ ಮಾಡದ ಅಮ್ಮಂದಿರೂ ಬಚಾವಾಗುವುದಿಲ್ಲ. 2007ರಲ್ಲಿ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು ಒಂದೇ ಅರ್ಹತೆಯ ಕಾಲ್ಪನಿಕ ಅಭ್ಯರ್ಥಿಗಳನ್ನು ಜನರ ಮುಂದಿಟ್ಟರು. ಶಾಲಾ ಪೋಷಕರ ಸಂಘದಲ್ಲಿ ಇದ್ದಾರೆ ಅನ್ನುವಂಥ ಸುಳಿವಿನಿಂದ ಅಮ್ಮ ಅಂತ ಗೊತ್ತಾದವರಿಗೆ ಸೂಚಿಸಿದ ಸಂಬಳ, ಮಕ್ಕಳಿಲ್ಲದ ಹೆಂಗಸರಿಗಿಂತ 11,000 ಡಾಲರ್ ಕಡಿಮೆ. ಅಪ್ಪಂದಿರಿಗೆ ಅಂಥ ಕಡಿತ ಆಗಲಿಲ್ಲ.

ಹಾಗಾಗಿ ಶೀಟಿನಲ್ಲಿ ಎರಡು ಅಂಕಣ ಸೇರಿಸಿ. ಒಂದು, ಹೆರಿಗೆ ರಜೆ ತೆಗೆದುಕೊಂಡ ವರ್ಷದ ಮತ್ತು ಅದರ ಮುಂದಿನ ವರ್ಷದ ರೇಟಿಂಗ್, ಇನ್‌ಕ್ರಿಮೆಂಟ್. ರಜೆಯಲ್ಲಿದ್ದವರಿಗೆ ಕಣ್ಣು ಮುಚ್ಚಿ ‘ಸರಾಸರಿ’ ರೇಟಿಂಗ್ ಹಾಕುವ ಅಭ್ಯಾಸ ಇದೆಯಾ ನೋಡಿ. ಎರಡು, ರಜೆಯಿಂದ ವಾಪಸ್ ಬಂದ ಮೇಲೆ ಹಳೇ ಪ್ರಾಜೆಕ್ಟ್, ಹಳೇ ಗ್ರಾಹಕರು ಸಿಕ್ಕರಾ, ಇಲ್ಲಾ ಉಳಿದುಬಳಿದ ಕೆಲಸ ಕೊಟ್ಟರಾ. ಬೋನಸ್ ಕುಸಿಯಲು ಶುರುವಾಗುವುದು ಅಲ್ಲಿಂದ.

ಪರಿಹಾರ ಇಲ್ಲದ ಸಮಸ್ಯೆ ಏನಲ್ಲ ಇದು. ಅಮೆರಿಕದ ಔಷಧಿ ಅಂಗಡಿಗಳ ಫಾರ್ಮಸಿಸ್ಟ್‌ಗಳ ಉದಾಹರಣೆಯನ್ನು ಗೋಲ್ಡಿನ್ ಮತ್ತು ಲಾರೆನ್ಸ್ ಕ್ಯಾಟ್ಜ್ ಕೊಡುತ್ತಾರೆ. ಹಿಂದೆ ಫಾರ್ಮಸಿಸ್ಟೇ ಅಂಗಡಿಯ ಯಜಮಾನ, ಹೊತ್ತು ಗೊತ್ತಿಲ್ಲದ ದುಡಿಮೆ. ಆಮೇಲೆ ದೊಡ್ಡ ಸರಣಿ ಅಂಗಡಿಗಳು ಬಂದವು, ರೋಗಿಯ ಮಾಹಿತಿ ಕಂಪ್ಯೂಟರಿಗೆ ಹೋಯಿತು, ಔಷಧಿಗಳು ಸಿದ್ಧವಾಗಿಯೇ ಬರತೊಡಗಿದವು. ಒಬ್ಬರ ಕೆಲಸವನ್ನು ಇನ್ನೊಬ್ಬರು ಸಲೀಸಾಗಿ ಮುಂದುವರಿಸಬಹುದು ಅಂತಾದಾಗ, ಕಡಿಮೆ ಹೊತ್ತು ಮಾಡುವವರಿಗೆ ಗಂಟೆಯ ದರದಲ್ಲಿ ಬೀಳುತ್ತಿದ್ದ ಪೆಟ್ಟು ಕರಗಿತು. ಅಲ್ಲಿ ಈಗ ಅಂತರ ತುಂಬಾ ಕಡಿಮೆ. ನಿಮ್ಮ ತಂಡದಲ್ಲಿ ‘ಇದು ಅವರೇ ಮಾಡಬೇಕು’ ಅನ್ನುವ ಕೆಲಸಗಳ ಪಟ್ಟಿ ಮಾಡಿ. ಎಷ್ಟು ನಿಜವಾಗಿ ಹಾಗಿವೆ, ಎಷ್ಟು ಬರೀ ಅಭ್ಯಾಸ?

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಕಂಡ ಅಂತರವೆಲ್ಲ ಯಾರೋ ಒಬ್ಬರ ಕುತಂತ್ರ ಅಲ್ಲ. ಊಬರ್ ಚಾಲಕರ ಸಂಪಾದನೆಯನ್ನು ಆ್ಯಪ್ ಲೆಕ್ಕ ಹಾಕುತ್ತದೆ. ಆ ಲೆಕ್ಕಕ್ಕೆ ಹೆಣ್ಣು ಗಂಡು ಎಲ್ಲ ಒಂದೇ. ಆದರೂ ಅಮೆರಿಕದಲ್ಲಿ ಗಂಟೆಯ ಗಳಿಕೆಯಲ್ಲಿ ಸುಮಾರು ಶೇ 7ರ ಅಂತರ ಕಂಡಿತು. ಎಲ್ಲಿ ಓಡಿಸುತ್ತಾರೆ, ಎಷ್ಟು ಕಾಲದ ಅನುಭವ, ಎಷ್ಟು ವೇಗ ಅನ್ನುವುದೇ ಕಾರಣ ಅಂತ ಸಂಶೋಧಕರು ಹೇಳಿದರು. ಇಂಥ ಅಂತರಕ್ಕೆ ಮ್ಯಾನೇಜರ ಮೇಲೆ ಕೂಗಾಡಿ ಫಲ ಇಲ್ಲ.

ಹೆಜ್ಜೆ 6: ಬಡ್ತಿಗೆ ಲೆಕ್ಕಕ್ಕಿಲ್ಲದ ಕೆಲಸ ಯಾರ ತಲೆಗೆ ಬೀಳುತ್ತದೆ?

ಮೀಟಿಂಗಿನ ಟಿಪ್ಪಣಿ ಬರೆಯುವುದು, ಹೊಸಬರಿಗೆ ಕೆಲಸ ಹೇಳಿಕೊಡುವುದು, ಬೀಳ್ಕೊಡುಗೆಗೆ ದುಡ್ಡು ಎತ್ತುವುದು. ಯಾರಾದರೂ ಮಾಡಲೇಬೇಕು, ಅಪ್ರೈಸಲ್ ಫಾರ್ಮಿನಲ್ಲಿ ಮಾತ್ರ ಜಾಗ ಇಲ್ಲ. ಲಿಂಡಾ ಬ್ಯಾಬ್‌ಕಾಕ್ ಮತ್ತು ಸಹ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಗಂಡು ಹೆಣ್ಣು ಇಬ್ಬರೂ ಇರುವ ಗುಂಪಿನಲ್ಲಿ ಇಂಥ ಕೆಲಸಕ್ಕೆ ಹೆಚ್ಚಾಗಿ ಕೈ ಎತ್ತಿದವರು ಹೆಂಗಸರು. ಹೆಂಗಸರು ಮಾತ್ರ ಅಥವಾ ಗಂಡಸರು ಮಾತ್ರ ಇರುವ ಗುಂಪುಗಳಲ್ಲಿ ವ್ಯತ್ಯಾಸವೇ ಇಲ್ಲ. ಅಂದರೆ ಸ್ವಭಾವ ಅಲ್ಲ, ‘ಅವರೇ ಮಾಡ್ತಾರೆ ಬಿಡು’ ಅನ್ನುವ ನಿರೀಕ್ಷೆ.

ಒಂದು ತಿಂಗಳು ಪಟ್ಟಿ ಇಡಿ. ಯಾವ ಕೆಲಸ, ಎಷ್ಟು ಹೊತ್ತು, ಯಾರು ಹೇಳಿದರು. ಆಮೇಲೆ ಮ್ಯಾನೇಜರ ಹತ್ತಿರ ಕೇಳಬೇಕಾದದ್ದು ಎರಡರಲ್ಲಿ ಒಂದು: ಸರದಿ ಮಾಡಿ, ಇಲ್ಲವೇ ಅಪ್ರೈಸಲ್‌ನಲ್ಲಿ ಸೇರಿಸಿ.

ಹೆಜ್ಜೆ 7: ತಾರೀಖು ಹಾಕಿ, ಬರೆದು ಕೇಳಿ

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಲಿಲಿ ಲೆಡ್‌ಬೆಟರ್ ಅವರ ಪ್ರಕರಣ ನೋಡಿ. 1979ರಲ್ಲಿ ಅಮೆರಿಕದ ಅಲಬಾಮದ ಟೈರ್ ಕಾರ್ಖಾನೆಗೆ ಸೇರಿದಾಗ ಅವರ ಸಂಬಳ ಗಂಡಸರ ಸಮಕ್ಕೆ ಇತ್ತು. ವರ್ಷ ವರ್ಷದ ಇನ್‌ಕ್ರಿಮೆಂಟಿನಲ್ಲಿ ಹಿಂದೆ ಬೀಳುತ್ತಾ ಹೋಯಿತು. ಕೊನೆಗೆ ಅವರಿಗೆ ತಿಂಗಳಿಗೆ 3,727 ಡಾಲರ್. ಅದೇ ಹುದ್ದೆಯ ಗಂಡಸರಲ್ಲಿ ಅತಿ ಕಡಿಮೆ ಪಡೆಯುವವರಿಗೆ 4,286. ಇದು ಗೊತ್ತಾದದ್ದು ಯಾರೋ ಹೆಸರು ಹಾಕದೆ ಇಟ್ಟುಹೋದ ಒಂದು ಚೀಟಿಯಿಂದ. 2007ರಲ್ಲಿ ಸುಪ್ರೀಂ ಕೋರ್ಟ್, ಸಂಬಳ ನಿರ್ಧಾರವಾದ 180 ದಿನಗಳಲ್ಲಿ ದೂರು ಕೊಡಬೇಕಿತ್ತು ಅಂತ 5–4ರಲ್ಲಿ ಅವರ ಕೇಸು ತಳ್ಳಿಹಾಕಿತು. ಗೊತ್ತೇ ಇಲ್ಲದ್ದಕ್ಕೆ ದೂರು ಕೊಡುವುದು ಹೇಗೆ? 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ಬಂತು, ಪ್ರತಿ ಸಂಬಳದ ಚೆಕ್ಕಿಗೂ ಗಡುವು ಹೊಸದಾಗಿ ಶುರು ಅಂತಾಯಿತು. ಅವರಿಗೆ ಮಾತ್ರ ಆ ಹಣ ಸಿಗಲಿಲ್ಲ. ದೂರಿನ ಗಡುವು ಎಷ್ಟು ದಿನ ಅಂತ ನಿಮ್ಮ ದೇಶದ ನಿಯಮದಲ್ಲಿ ಇವತ್ತೇ ನೋಡಿಕೊಳ್ಳಿ.

ಐಸ್‌ಲ್ಯಾಂಡಿನಲ್ಲಿ 2018ರಿಂದ 25 ಅಥವಾ ಹೆಚ್ಚು ಜನರಿರುವ ಕಂಪನಿಗಳೇ ತಮ್ಮಲ್ಲಿ ಸಂಬಳ ಸಮಾನವಾಗಿದೆ ಅಂತ ತೋರಿಸಬೇಕು. ಬೇರೆ ಬಹಳಷ್ಟು ಕಡೆ ಹುಡುಕಿ ತೋರಿಸುವ ಕೆಲಸ ನೌಕರರ ಪಾಲಿಗೇ ಬರುತ್ತದೆ. ಹಾಗಾಗಿ ಕಾಗದ ಮುಖ್ಯ. ಪತ್ರದಲ್ಲಿ ಸಿಟ್ಟು ಬೇಡ, ‘ಅನ್ಯಾಯ’ ಅನ್ನುವ ಪದವೂ ಬೇಡ. ಹುಡುಕಾಟದಲ್ಲಿ ಎಲ್ಲಿ ಸೋರಿಕೆ ಕಂಡಿತೋ ಆ ಒಂದೇ ಜಾಗದ ಬಗ್ಗೆ ಕೇಳಿ. ಎಲ್ಲವನ್ನೂ ಒಂದೇ ಪತ್ರದಲ್ಲಿ ತುರುಕಿದರೆ ಅವರಿಗೆ ಸುಲಭವಾದದ್ದಕ್ಕೆ ಮಾತ್ರ ಉತ್ತರ ಕೊಡುತ್ತಾರೆ. ಸೋರಿಕೆ ಕಂಡದ್ದು ಹೆರಿಗೆ ರಜೆಯ ವರ್ಷದಲ್ಲಿ ಅಂದುಕೊಳ್ಳಿ, ಆಗ ಹೀಗೆ ಬರೆಯಬಹುದು:

‘ಮಾನ್ಯರೆ, ನನ್ನ ಗ್ರೇಡಿನ ಸಂಬಳ ಎಲ್ಲಿಂದ ಎಲ್ಲಿವರೆಗೆ ಇದೆ ಮತ್ತು ಅದರಲ್ಲಿ ನಾನು ಎಲ್ಲಿದ್ದೇನೆ ಎಂದು ತಿಳಿಸಿ. ಹೆರಿಗೆ ರಜೆಯ ವರ್ಷ ನನಗೆ ಕೊಟ್ಟ ರೇಟಿಂಗ್‌ಗೆ ಯಾವ ಅವಧಿಯ ಕೆಲಸವನ್ನು ಪರಿಗಣಿಸಲಾಗಿದೆ? ಆ ರೇಟಿಂಗ್‌ನಿಂದ ತಪ್ಪಿದ ಇನ್‌ಕ್ರಿಮೆಂಟನ್ನು ಮುಂದಿನ ಪರಿಷ್ಕರಣೆಯಲ್ಲಿ ಸರಿಪಡಿಸಬೇಕೆಂದು ಕೋರುತ್ತೇನೆ. ದಯವಿಟ್ಟು ಲಿಖಿತವಾಗಿ ಉತ್ತರಿಸಿ.’

ಇದನ್ನು ಇಮೇಲ್‌ನಲ್ಲೇ ಕಳಿಸಿ, ಒಂದು ಪ್ರತಿಯನ್ನು ಆಫೀಸಿನ ಕಂಪ್ಯೂಟರಿನಲ್ಲಿ ಅಲ್ಲದೆ ನಿಮ್ಮ ಸ್ವಂತ ಜಾಗದಲ್ಲಿ ಇಟ್ಟುಕೊಳ್ಳಿ. ‘ಬಾ, ಕೂತು ಮಾತಾಡೋಣ’ ಅಂತ ಕರೆದರೆ ಹೋಗಿ. ಬಂದ ಮೇಲೆ ಅವರು ಏನು ಹೇಳಿದರು ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬರೆದು, ‘ಇವತ್ತು ಮಾತಾಡಿದ್ದು ಇಷ್ಟು’ ಅಂತ ಅವತ್ತೇ ಅವರಿಗೆ ಮೇಲ್ ಮಾಡಿ.